ಮೇ ತಿಂಗಳ ಗಾಳಿಗೆ ಯಾವ ಬ್ಲೇಡು?

ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ನೆಲೆ ನಮ್ಮ ಬೀದರ್. ಜೆಟ್‌ಗಳ ಸದ್ದು ಕೇಳಿದರೆ ಕೊಡಂಬಲದ ಹೊಲಗಳಲ್ಲಿ ಇದ್ದವರೆಲ್ಲ ತಲೆ ಎತ್ತುತ್ತಾರೆ. ನಾನೂ ಎತ್ತುತ್ತೇನೆ, ಆದರೆ ಅರೆಮನಸ್ಸಿನಿಂದ. ಜೆಟ್ಟಿಗೆ ಪ್ರೊಪೆಲ್ಲರ್ ಇಲ್ಲ. ಹಾಗಾಗಿ ಯಾವ ಬ್ಲೇಡು ಎಂಬ ಜಗಳಕ್ಕೂ ಜಾಗವಿಲ್ಲ.

ಕೈಯಾರೆ ವಿಮಾನ ಕಟ್ಟುವವರು ಇಂಜಿನ್ನಿಗಾಗಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಪ್ರೊಪೆಲ್ಲರನ್ನು ಸಂತೆಯಲ್ಲಿ ಚಪ್ಪಲಿ ಕೊಂಡಂತೆ ಕೊಳ್ಳುತ್ತಾರೆ. ಅದರ ಮೇಲೆ ಎರಡು ಅಂಕಿ ಇರುತ್ತವೆ. ಮೊದಲನೆಯದು ವ್ಯಾಸ. ಎರಡನೆಯದು ಪಿಚ್: ಮರದೊಳಗೆ ಸ್ಕ್ರೂ ಇಳಿದಂತೆ, ಒಂದು ಸುತ್ತಿಗೆ ಬ್ಲೇಡು ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. ಪಿಚ್ ಹೆಚ್ಚಾದರೆ ಮೇಲೆ ಹೋದಮೇಲೆ ವೇಗ ಚೆನ್ನ. ಕಡಿಮೆಯಾದರೆ ಏರುವುದು ಸಲೀಸು. ಟಾಪ್ ಗೇರಿನಲ್ಲಿ ಯಾರೂ ಹೊಲ ಉಳುವುದಿಲ್ಲ. ಆದರೂ ಸ್ಥಿರ ಪಿಚ್ಚಿನ ಪ್ರೊಪೆಲ್ಲರ್ ಕೊಳ್ಳುವಾಗ ಹೆಚ್ಚಿನವರ ಕಣ್ಣು ವೇಗದ ಮೇಲೇ.

ನಮ್ಮ ಭಾಗದಲ್ಲಿ ಇದು ದುಬಾರಿ ತಪ್ಪು. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿದೆ. ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಇಲ್ಲಿನ ಗಾಳಿ ಹೆಚ್ಚುಕಡಿಮೆ 6,000 ಅಡಿ ಎತ್ತರದ ಗಾಳಿಯಷ್ಟೇ ತೆಳು. ಸಮುದ್ರಮಟ್ಟಕ್ಕೆ ಹೋಲಿಸಿದರೆ ಇಂಜಿನ್ನಿನ ಶಕ್ತಿ ಸುಮಾರು ಆರನೇ ಒಂದು ಪಾಲು ಕುಸಿಯುತ್ತದೆ. ಮೋಸ ಇರುವುದು ಮುಂದೆ: ಗಾಳಿ ಬ್ಲೇಡಿಗೆ ಒಡ್ಡುವ ತಡೆಯೂ ಅಷ್ಟೇ ತಗ್ಗುವುದರಿಂದ, ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟಾಗ ಸುತ್ತಿನ ಮುಳ್ಳು ಜನವರಿಯಲ್ಲಿ ನಿಂತ ಜಾಗದ ಆಸುಪಾಸಿನಲ್ಲೇ ಬಂದು ನಿಲ್ಲುತ್ತದೆ. ಮೀಟರ್ ನೋಡಿದವನಿಗೆ ಎಲ್ಲ ಸರಿಯಿದೆ. ವಿಮಾನ ಇನ್ನೂ ನೆಲ ಬಿಡದೆ ಹೊಲದ ಕೊನೆಯ ಬದು ಹತ್ತಿರ ಬಂದಾಗಲೇ ನಿಜ ತಿಳಿಯುವುದು.

ಇನ್ನು ನೆಲ. ಗರಸಿನ ಮೇಲೆ ಓಡಿದರೆ ಬ್ಲೇಡಿನ ಅಂಚಿಗೆ ಹರಳು ಬಡಿಯುತ್ತದೆ. ಅಲ್ಯುಮಿನಿಯಂ ಬ್ಲೇಡಿನಲ್ಲಿ ಕಚ್ಚು ಬಿದ್ದರೆ ಅರದಿಂದ ಉಜ್ಜಿ ನುಣುಪು ಮಾಡಲೇಬೇಕು. ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮರ ನಡುಕವನ್ನು ತಾನೇ ನುಂಗುತ್ತದೆ. ನೆಲಕ್ಕೆ ಬಡಿದರೆ ತಾನು ಚೂರಾಗಿ ಕ್ರ್ಯಾಂಕ್‌ಶಾಫ್ಟನ್ನು ಬಹುಪಾಲು ಉಳಿಸಿಕೊಡುತ್ತದೆ. ವಿಮಾನ ವಿನ್ಯಾಸಕ ಬರ್ಟ್ ರೂಟನ್ ತಮ್ಮ ಲಾಂಗ್-ಈಝಿ ವಿಮಾನಕ್ಕೆ ಮರದ್ದನ್ನೇ ಹೇಳಿದ್ದು ಸುಮ್ಮನಲ್ಲ. ಅದರ ಪ್ರೊಪೆಲ್ಲರ್ ಬಾಲದ ಕಡೆ ಇದೆ. ರೆಕ್ಕೆ ಕಲಕಿದ ಗಾಳಿಯೊಳಗೇ ತಿರುಗುವುದರಿಂದ ಸುತ್ತುಸುತ್ತಿಗೂ ಪೆಟ್ಟು. ಮನೆಯಲ್ಲೇ ಕಟ್ಟಲೆಂದು ರೂಪಿಸಿದ ಆ ವಿಮಾನವನ್ನೇ ಆಧಾರವಾಗಿಟ್ಟುಕೊಂಡು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ವಿಜ್ಞಾನಿಗಳು ಎಲ್‌ಸಿಆರ್‌ಎ ಎಂಬ ಹಗುರ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ನಾರು-ಅಂಟಿನ ಕಾಂಪೊಸಿಟ್ ಕೆಲಸಕ್ಕೆ ಅವರ ಕೈ ಪಳಗಿದ್ದು ಅಲ್ಲೇ.

1993ರಲ್ಲಿ ಹಾರಿದ ‘ಹಂಸ’ ವಿಮಾನ ಆ ಪಳಗಿದ ಕೈಗಳದ್ದೇ. ಮುಂದೆ ಹಂಸ-3ಕ್ಕೆ ಅವರು ಟರ್ಬೊ ಇರುವ ರೊಟಾಕ್ಸ್ 914 ಇಂಜಿನ್ ಕೂರಿಸಿ, ಹಾರುತ್ತಲೇ ಪಿಚ್ ಬದಲಿಸಿಕೊಳ್ಳುವ ಹಾಫ್‌ಮನ್ ಪ್ರೊಪೆಲ್ಲರ್ ಹಾಕಿದರು. ತೆಳು ಗಾಳಿಗೆ ಪೂರ್ತಿ ಉತ್ತರ ಅದೇ. ಆದರೆ ತೂಕ, ಬೆಲೆ, ರಿಪೇರಿ ಮೂರೂ ಹೆಚ್ಚು. ಪ್ರಯೋಗಾಲಯಕ್ಕೆ ಸರಿ, ಹಟ್ಟಿಯ ಪಕ್ಕದ ಶೆಡ್ಡಿಗಲ್ಲ.

ಮರವನ್ನೂ ನಾನು ಇಲ್ಲಿಗೆ ಹೇಳಲಾರೆ. ಬೇಸಿಗೆಯಲ್ಲಿ ಅದು ಕುಗ್ಗಿ ಬೋಲ್ಟು ಸಡಿಲವಾಗುತ್ತದೆ, ಮಳೆಗಾಲದಲ್ಲಿ ಉಬ್ಬಿ ಬೋಲ್ಟಿನಡಿ ನಜ್ಜಾಗುತ್ತದೆ. ಋತು ಬದಲಾದಾಗಲೆಲ್ಲ ಟಾರ್ಕ್ ರೆಂಚ್ ಹಿಡಿದು ಕೂರಬೇಕು. ನನ್ನ ಮತ ನೆಲದ ಮೇಲೆ ಕೋನ ತಿರುಗಿಸಬಹುದಾದ ಕಾರ್ಬನ್ ಬ್ಲೇಡುಗಳಿಗೆ. ಅಂಚಿಗೆ ಲೋಹದ ಪಟ್ಟಿ ಇರಲಿ. ರೊಟಾಕ್ಸ್ 912 ಆದರೆ, ಸಮತಲ ಹಾರಾಟದಲ್ಲಿ ಪೂರ್ತಿ ಥ್ರಾಟಲ್ಲಿಗೆ ನಿಮಿಷಕ್ಕೆ 5,500 ಸುತ್ತು ಮುಟ್ಟದಿದ್ದರೆ ಬ್ಲೇಡು ಹೆಚ್ಚು ಕಚ್ಚುತ್ತಿದೆ ಎಂದರ್ಥ. ಇಳಿದು, ಕೋನಮಾಪಕ ಇಟ್ಟು, ಅರ್ಧ ಡಿಗ್ರಿ ತಗ್ಗಿಸಿ, ಮತ್ತೆ ನೋಡಿ. ಎಲ್ಲ ಬ್ಲೇಡಿಗೂ ಒಂದೇ ಕೋನ. ಒಂದು ತಪ್ಪಿದರೂ ಹಲ್ಲು ಕಟಕಟ ಎನ್ನುತ್ತವೆ.

ಪಡಸಾಲೆಯ ಗೋಡೆಗೆ ತೂಗುಹಾಕಲು ಮಾತ್ರ ಮರದ್ದೇ ಆಗಬೇಕು. ಕಾರ್ಬನ್ ಬ್ಲೇಡನ್ನು ಯಾರಾದರೂ ತೂಗುಹಾಕುತ್ತಾರೇನ್ರಿ?