ಗುಂಡಿಗೆ ಮೂರು ಹೆಸರು

ಬೆರಳಿಟ್ಟು ಒತ್ತುವ ವಸ್ತುವಿಗೆ ಜರ್ಮನ್ ಭಾಷೆಯಲ್ಲಿ ಮುಖ್ಯವಾಗಿ ಮೂರು ಹೆಸರುಗಳಿವೆ: ಕ್ನೊಪ್ಫ್, ಟಾಸ್ಟೆ, ಶಾಲ್ಟರ್. ನಿಘಂಟು ತೆರೆದರೆ ಮೂರೂ ಅಕ್ಕಪಕ್ಕದ ಮನೆಯವೇ. ಆದರೆ ಒಂದೊಂದರ ಕಣ್ಣೂ ಒಂದೊಂದು ಕಡೆಗಿದೆ.

ಕ್ನೊಪ್ಫ್ ನಮಗೆ ತುಂಬ ಹತ್ತಿರದ ಪದ. ಅಂಗಿಯ ಗುಂಡಿಯೂ ಕ್ನೊಪ್ಫ್, ಲಿಫ್ಟಿನ ಗುಂಡಿಯೂ ಕ್ನೊಪ್ಫ್. ಕನ್ನಡದಲ್ಲೂ ಎರಡಕ್ಕೂ ಗುಂಡಿಯೇ ಅಲ್ಲವೇ? ಈ ಪದ ನೋಡುವುದು ಆಕಾರವನ್ನು. ಬೆರಳಿಗೆ ಸಿಗುವ ಪುಟ್ಟ ಉಬ್ಬು ಇದ್ದರೆ ಆಯಿತು, ಅದನ್ನು ಒತ್ತಬಹುದು, ತಿರುಗಿಸಲೂಬಹುದು. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಹುಡುಕುವ ಗುಂಡಿಗೆ 'ಡ್ರೇಕ್ನೊಪ್ಫ್', ಅಂದರೆ ತಿರುಗುಗುಂಡಿ ಎನ್ನುತ್ತಾರೆ.

ಟಾಸ್ಟೆ ಸಂಗೀತದ ಮನೆಯಿಂದ ಬಂದದ್ದು. ಇಟಾಲಿಯನ್ನಿನ 'ತಾಸ್ತೊ' ಅದರ ಮೂಲ. ಮುಟ್ಟಿ ನೋಡು, ತಡವು ಎಂಬರ್ಥದ 'ಟಾಸ್ಟೆನ್' ಅದರ ನೆಂಟ. ಆರ್ಗನ್, ಪಿಯಾನೋಗಳ ಕೀಗಳಿಗಿದ್ದ ಹೆಸರು ಟೈಪ್‌ರೈಟರಿಗೆ ಬಂತು, ಆಮೇಲೆ ಕಂಪ್ಯೂಟರಿಗೂ ಬಂತು. ಇಡೀ ಕೀಲಿಮಣೆ 'ಟಾಸ್ಟಟೂರ್'. ಸ್ಪೇಸ್‌ಬಾರಿಗೆ 'ಲೇರ್‌ಟಾಸ್ಟೆ', ಖಾಲಿ ಜಾಗದ ಕೀ. ಇಲ್ಲಿ ಲೆಕ್ಕಕ್ಕೆ ಬರುವುದು ಬೆರಳಿನ ಸ್ಪರ್ಶ.

ಶಾಲ್ಟರ್ ಗಮನಿಸುವುದು ಸ್ಥಿತಿಯ ಬದಲಾವಣೆಯನ್ನು. ಗೋಡೆಯ ಮೇಲಿನ ದೀಪದ ಸ್ವಿಚ್ ಶಾಲ್ಟರ್. ಒಮ್ಮೆ ಹಾಕಿದರೆ ಆರಿಸುವ ತನಕ ಹಾಗೇ ಇರುತ್ತದೆ. ಕಾರಿನ ಗೇರ್ ಬದಲಿಸುವ ಕೆಲಸಕ್ಕೂ 'ಶಾಲ್ಟೆನ್' ಎಂಬ ಕ್ರಿಯಾಪದವೇ. ಜರ್ಮನಿಯ ರೈಲು ನಿಲ್ದಾಣದ ಟಿಕೆಟ್ ಕೌಂಟರ್ ಕೂಡ ಶಾಲ್ಟರ್ ಎಂದು ತಿಳಿದಾಗ ಹೊಸದಾಗಿ ಕಲಿಯುವವರು ತಬ್ಬಿಬ್ಬಾಗುತ್ತಾರೆ. ಹಿಂದೆ ಈ ಪದ ಅಗಳಿಗೆ, ಸರಿಸಿ ಮುಚ್ಚುವ ಹಲಗೆಗೆ ಇತ್ತು. ಹಲಗೆ ಸರಿಸಿ ಕಿಂಡಿಯಲ್ಲಿ ವ್ಯವಹರಿಸುವ ಜಾಗಕ್ಕೂ ಅದೇ ಹೆಸರು ಅಂಟಿತು.

ಮೂರರ ನಡುವೆ ಗೋಡೆಯೇನೂ ಇಲ್ಲ. ಟಿವಿ ರಿಮೋಟಿನ ಗುಂಡಿಯನ್ನು ಒಬ್ಬರು ಕ್ನೊಪ್ಫ್ ಎಂದರೆ ಇನ್ನೊಬ್ಬರು ಟಾಸ್ಟೆ ಎನ್ನುತ್ತಾರೆ, ಎರಡೂ ಸರಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀಲಿಮಣೆಯ ಶಿಫ್ಟ್ ಕೀಗೆ ಅವರಿಟ್ಟ ಹೆಸರು: 'ಉಮ್‌ಶಾಲ್ಟ್‌ಟಾಸ್ಟೆ'. ಬೆರಳು ತಾಗುವುದರಿಂದ ಟಾಸ್ಟೆ, ಚಿಕ್ಕಕ್ಷರ ದೊಡ್ಡಕ್ಷರವಾಗುವುದರಿಂದ ಉಮ್‌ಶಾಲ್ಟೆನ್. ಮುಟ್ಟುವುದೂ ಬದಲಾಗುವುದೂ ಒಂದೇ ಪದದಲ್ಲಿ ಕೂತಿವೆ.

ಜರ್ಮನ್ ಕಲಿಯುತ್ತಿರುವವರೇ, ಈ ಪದಗಳನ್ನು ಪಟ್ಟಿ ಮಾಡಿ ಉರು ಹೊಡೆಯಬೇಡಿ. ಆಕಾರವೋ, ಸ್ಪರ್ಶವೋ, ಬದಲಾವಣೆಯೋ ಎಂದು ಕೇಳಿಕೊಳ್ಳಿ. ಸರಿಯಾದ ಪದ ತಾನಾಗಿ ನಾಲಿಗೆಗೆ ಬರುತ್ತದೆ.