ಬಾಲರಕ್ಷಣಾ ಶಾಸನದಲ್ಲಿ ‘ಆಶಂಕೆ’ ಎಂಬ ಪದದ ವಿಚಾರ

2012ನೆಯ ಇಸವಿಯ ಪೋಕ್ಸೋ ಶಾಸನವು, ಲೈಂಗಿಕ ದುರುದ್ದೇಶದಿಂದ ಮಗುವನ್ನು ವಿದ್ಯುನ್ಮಾನ ಮಾರ್ಗದಲ್ಲಿ ಮೇಲಿಂದಮೇಲೆ ಸಂಪರ್ಕಿಸುವುದನ್ನೂ ಅಪರಾಧವೆಂದು ಗಣಿಸಿರುವುದು. ಅಪರಾಧದ ಜ್ಞಾನವುಳ್ಳವನಂತೆಯೇ, ಅದು ಸಂಭವಿಸಬಹುದೆಂಬ ಆಶಂಕೆಯುಳ್ಳವನೂ ಪೊಲೀಸರಿಗೆ ತಿಳಿಸತಕ್ಕದ್ದೆಂದು 19ನೆಯ ಕಲಮು ವಿಧಿಸುವುದು. ಇದು ಪುನರುಕ್ತಿಯಲ್ಲ, ನಿಶ್ಚಯಕ್ಕಾಗಿ ಕಾಯುವಷ್ಟರಲ್ಲಿ ಕೇಡು ಘಟಿಸಬಹುದೆಂಬುದೇ ತಾತ್ಪರ್ಯವು. ಆದರೆ 21ನೆಯ ಕಲಮಿನ ದಂಡವಾಕ್ಯದಲ್ಲಿ ಘಟಿಸಿದ ಅಪರಾಧದ ಮಾತು ಮಾತ್ರ ಉಂಟು, ಆಶಂಕೆಯ ಉಲ್ಲೇಖವಿಲ್ಲ. ಆದುದರಿಂದ ಆಶಂಕೆಯ ವಿಷಯದಲ್ಲಿ ಶಿಕ್ಷಕನನ್ನು ಪ್ರೇರಿಸತಕ್ಕದ್ದು ಭಯವಲ್ಲ, ತಿಳಿವಳಿಕೆ. ವಿಜಯಪುರದ ಇಬ್ರಾಹಿಂಪುರದ ಶಾಲೆಯಾಗಲಿ, ರಾಜಧಾನಿಯ ಶಾಲೆಯಾಗಲಿ, ಮಗುವಿನ ಮೊಬೈಲು ಗುರುವಿನ ಕಣ್ಣಿಗೆ ಬೀಳದು. ಹಠಾತ್ತಾದ ಮೌನ, ಅಂಜಿಕೆ, ಪಾಠದಲ್ಲಿ ಅನ್ಯಮನಸ್ಕತೆ ಇವು ಕಾಣುವುವು. ಈ ಲಕ್ಷಣಗಳನ್ನು ಗುರುತಿಸುವುದನ್ನೂ, 1098 ಎಂಬ ಮಕ್ಕಳ ಸಹಾಯವಾಣಿಯನ್ನೂ ಶಾಲೆಯ ಸಿಬ್ಬಂದಿಗೆಲ್ಲ ಕಲಿಸದೆ ಶಾಸನವನ್ನು ಮಾತ್ರ ಓದಿಸಿದರೆ ಅದು ಅರ್ಥಜ್ಞಾನವಿಲ್ಲದ ಪಾರಾಯಣವಾದೀತು. ಸಾಕ್ಷ್ಯಶೋಧನೆಯು ಪೊಲೀಸರ ಕಾರ್ಯವು. ತಿಳಿಸುವುದಷ್ಟೇ ಗುರುವಿನ ಧರ್ಮವು.