ಹಿತ್ತಲ ಓಣಿಯೂ ನಗರದ ಚರಿತ್ರೆಯೂ

ಬೆಂಗಳೂರಿನ ಬಡಾವಣೆಗಳನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ಸಂಗತಿಗಳಿಂದ ಆರಂಭಿಸುತ್ತಾರೆ: 1892ರಲ್ಲಿ ಚಾಮರಾಜಪೇಟೆ ಏರ್ಪಟ್ಟುದು, 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು. ನೇರವಾದ ಬೀದಿಗಳು, ಗಾಳಿಬೆಳಕು, ಮನೆಗಳ ಬೆನ್ನಿಗೆ ಹಾಯ್ದಿರುವ ಕನ್ಸರ್ವೆನ್ಸಿ ಓಣಿ, ಇವೆಲ್ಲ ಯೋಜಕರ ದೂರದೃಷ್ಟಿಗೆ ಸಾಕ್ಷಿಯೆಂದು ವರ್ಣಿತವಾಗುತ್ತವೆ. ವರ್ಣನೆ ಸುಳ್ಳಲ್ಲ. ಆದರೆ ಆ ಓಣಿಯಲ್ಲಿ ನಡೆದವರು ಯಾರೆಂಬ ಪ್ರಶ್ನೆಯನ್ನು ಈ ಬರಹಗಳು ಎತ್ತುವುದು ವಿರಳ. ಒಳಚರಂಡಿ ಬರುವುದಕ್ಕೆ ಮುನ್ನ ಕಕ್ಕಸು ಹಿತ್ತಲ ಕೊನೆಯಲ್ಲಿರುತ್ತಿತ್ತು. ಅದನ್ನು ಶುಚಿಮಾಡತಕ್ಕವರು ಹಿಂದಿನಿಂದ ಬಂದು, ಮಲವನ್ನು ಹೊತ್ತು, ಹಿಂದಿನಿಂದಲೇ ಹೋಗಬೇಕಾಗಿತ್ತು. ಮನೆಯ ಮುಂಬಾಗಿಲು ಅವರಿಗೆ ಸಂಬಂಧಿಸಿದುದಲ್ಲ. ಆರೋಗ್ಯಶಾಸ್ತ್ರವೂ ಅಸ್ಪೃಶ್ಯತೆಯೂ ಒಂದೇ ನಕ್ಷೆಯಲ್ಲಿ ಸುಖವಾಗಿ ಹೊಂದಿಕೊಂಡುವು. (ಇಂದು ಆ ಓಣಿಗಳಲ್ಲಿ ಹಲವು ಒತ್ತುವರಿಯಾಗಿವೆ, ಸಾಕ್ಷ್ಯವೇ ಅಳಿಯುತ್ತಿದೆ.)

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಅವರ ಹೆಸರು ಉಳಿದಿರುವುದಾದರೋ ಬೇರೊಂದು ಕಾರಣಕ್ಕೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂಬರ್ಥದ ಮಾತನ್ನಾಡಿದರು. ಪ್ರತಿಭಟನೆಗಳಾದುವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು, ಸಚಿವರು ಪದವಿಯನ್ನು ತ್ಯಜಿಸಬೇಕಾಯಿತು. ಸಾಹಿತ್ಯದ ಇತಿಹಾಸಕಾರರು ಇದನ್ನು ಸಾಹಿತ್ಯದ ವಿವಾದವೆಂದು ಬಗೆದರು. ಚಳವಳಿಯ ಇತಿಹಾಸಕಾರರು ದಲಿತ ಸಂಘರ್ಷ ಸಮಿತಿಯ ಉದಯಕ್ಕೆ ಪೀಠಿಕೆಯೆಂದರು. ಎರಡೂ ಗ್ರಾಹ್ಯವೇ. ಆದರೂ ಆ ಮಾತಿಗೆ ಮೀಸಲಾದ ಪುಟಗಳನ್ನೂ ಆ ಆಜ್ಞೆಗೆ ಮೀಸಲಾದ ಸಾಲುಗಳನ್ನೂ ತೂಗಿನೋಡಿದರೆ, ನಮ್ಮ ವಿದ್ವತ್ತು ಯಾವುದರಿಂದ ನೊಂದುಕೊಂಡಿತೆಂಬುದು ಸ್ಪಷ್ಟವಾಗುತ್ತದೆ. ಮಲದ ಬುಟ್ಟಿಯನ್ನು ಇಳಿಸಲು ಹೊರಟವನ ಬಾಯಿಂದಲೇ ಬೂಸಾ ಎಂಬ ಪದ ಬಂದುದು ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

ಸಚಿವರಾದರೂ ಒಬ್ಬ ಹೆಸರುಳ್ಳ ವ್ಯಕ್ತಿ. ಬುಟ್ಟಿ ಹೊತ್ತವರ ಹೆಸರುಗಳೆಲ್ಲಿ? ಅಮೆರಿಕದ ಒಂದು ಪ್ರಸಂಗ ಇಲ್ಲಿ ಹೋಲಿಕೆಗೆ ಒದಗುತ್ತದೆ. 1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ನೀಗ್ರೋ ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಮಡಿದರು. ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲಿಯೇ ಹತರಾದರು. ಕಿಂಗರನ್ನು ಲೋಕವೆಲ್ಲ ಬಲ್ಲುದು. ಕೋಲ್, ವಾಕರರನ್ನು ಬಲ್ಲವರು ಕೆಲವರೇ. ಆದರೂ ಆ ಎರಡು ಹೆಸರುಗಳು ಗ್ರಂಥಸ್ಥವಾಗಿವೆ.

ನಿಷೇಧದ ಮುಂದಿನ ಕಥೆ ದೀರ್ಘವಾದುದು. ಕೇಂದ್ರದ ಕಾಯಿದೆ ಬಂದುದು 1993ರಲ್ಲಿ, ಇನ್ನೊಂದು 2013ರಲ್ಲಿ. ಕೋಲಾರದ ಚಿನ್ನದ ಗಣಿಯಲ್ಲಿ ಈ ವೃತ್ತಿಯವರ ಮನೆಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ನರು ಚಳವಳಿ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

1973ಕ್ಕೆ ಮುನ್ನ ಈ ಓಣಿಗಳಲ್ಲಿ ದುಡಿದವರು ಇಂದು ಎಪ್ಪತ್ತು ದಾಟಿರತಕ್ಕವರು. ಅವರ ಮಾತನ್ನು ಬರೆದುಕೊಳ್ಳುವುದು, ಉಳಿದ ಓಣಿಗಳ ನಕ್ಷೆ ತೆಗೆಯುವುದು, ಇವೆರಡೂ ನಮ್ಮ ಎಂ.ಎ. ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ.